ದುರ್ಗದಬೈಲಿಗೆ ಬಂದಿದ್ದರೆ ಆ ತಗಡು ಉಳಿಯುತ್ತಿತ್ತು

ನ್ಯೂಯಾರ್ಕಿನವರಿಗೆ ಒಂದು ಕಬ್ಬಿಣದ ಗೋಡೆ ಜೊತೆ ಬಾಳುವೆ ಮಾಡೋಕೆ ಆಗಲಿಲ್ಲ, ಪಾಪ. 1981ರಲ್ಲಿ ಅಲ್ಲಿನ ಫೆಡರಲ್ ಪ್ಲಾಜಾದಲ್ಲಿ, ಸರ್ಕಾರಿ ಕಚೇರಿಗಳ ಅಂಗಳದ ನಟ್ಟನಡುವೆ, ರಿಚರ್ಡ್ ಸೆರ್ರಾ ಎಂಬ ಶಿಲ್ಪಿ 120 ಅಡಿ ಉದ್ದ, 12 ಅಡಿ ಎತ್ತರದ ಉಕ್ಕಿನ ಹಾಳೆಯನ್ನು ಸ್ವಲ್ಪ ವಾಲಿಸಿ ನಿಲ್ಲಿಸಿದ. ಹೆಸರು 'ಟಿಲ್ಟೆಡ್ ಆರ್ಕ್'. ಆಫೀಸಿಗೆ ಹೋಗುವವರು ಸುತ್ತು ಹಾಕಬೇಕಾಯಿತು. ಗಲಾಟೆ, ಅರ್ಜಿ, ಕೋರ್ಟು. ಕೊನೆಗೆ 1989ರಲ್ಲಿ ಒಂದು ರಾತ್ರಿ ಕತ್ತರಿಸಿ ಸಾಗಿಸಿದರು.

ಅದನ್ನೇ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಿಲ್ಲಿಸಿದ್ದರೆ? ಮೊದಲ ದಿನ "ಏನ್ರೀ ಇದು ತಗಡು?" ಅಂತ ಕೇಳುತ್ತಿದ್ದರು. ಮರುದಿನ ಅದರ ನೆರಳಿಗೆ ಗಿರ್ಮಿಟ್ ಗಾಡಿ. ಆಮೇಲೆ ಫ್ಲೆಕ್ಸ್. 120 ಅಡಿ ಗೋಡೆ ಬಾಡಿಗೆ ಇಲ್ಲದೆ ಸಿಕ್ಕರೆ ಮುಖಂಡರ ಹುಟ್ಟುಹಬ್ಬಕ್ಕೆ ಇನ್ನೇನು ಬೇಕು, ಒಂದು ತುದಿಗೆ ಸಾಹೇಬರ ನಗು, ಅಲ್ಲಿಂದ ಇನ್ನೊಂದು ತುದಿಯವರೆಗೂ ಪಾಸ್‌ಪೋರ್ಟ್ ಸೈಜಿನ ಅಭಿಮಾನಿಗಳು! ಸುತ್ತು ಹಾಕಬೇಕು ಅನ್ನೋ ತಕರಾರು ಇಲ್ಲಿ ಏಳುವುದೇ ಇಲ್ಲ. ಚನ್ನಮ್ಮ ಸರ್ಕಲ್ ದಾಟಿ ರೂಢಿ ಇರುವವರಿಗೆ ಅದ್ಯಾವ ಲೆಕ್ಕ?

ನನಗೆ ಜಾಸ್ತಿ ಭಯ ಆ ಉಕ್ಕಿನದು. ಕಾರ್-ಟೆನ್ ಅಂತಾರೆ. ಅದಕ್ಕೆ ತುಕ್ಕು ಹಿಡಿಯಲೇಬೇಕು. ಮೇಲಿನ ತುಕ್ಕಿನ ಪದರವೇ ಒಳಗಿನ ಲೋಹವನ್ನು ಕಾಯುತ್ತದೆ, ಬಣ್ಣ ಬೇಕಿಲ್ಲ. ಇಂಥದ್ದೊಂದು ಇದೆ ಅಂತ ನಮ್ಮ ಗುತ್ತಿಗೆದಾರರಿಗೆ ಮಾತ್ರ ಗೊತ್ತಾಗಬಾರದು ನೋಡ್ರಿ. ಬಸ್ ನಿಲ್ದಾಣದ ಕಂಬ, ಪಾರ್ಕಿನ ಜೋಕಾಲಿ, ಗಟಾರದ ಜಾಲರಿ, ಎಲ್ಲವೂ ನಾಳೆಯಿಂದ ಕಾರ್-ಟೆನ್. "ತುಕ್ಕಲ್ರೀ ಸರ್, ಡಿಸೈನೇ ಹಂಗೈತಿ." ಬಿಲ್ ಪಾಸ್. ಆಮೇಲೆ ಹೊಸ ಸಾಹೇಬರು ಬಂದು, ಛೇ ಅಸಹ್ಯ ಅಂತ ಸಿಲ್ವರ್ ಪೇಂಟ್ ಬಳಿಯಲು ಟೆಂಡರ್ ಕರೆಯುತ್ತಾರೆ. ಅದೂ ಪಾಸ್.

ಇದು ಈ ಜಾಗಕ್ಕೆಂದೇ ಮಾಡಿದ್ದು, ಇಲ್ಲಿಂದ ಎತ್ತಿದರೆ ಸತ್ತಂತೆಯೇ ಅಂತ ಸೆರ್ರಾ ವಾದಿಸಿದ್ದ. ನಮ್ಮ ತಳ್ಳುಗಾಡಿಯವರು ಹೇಳುವುದೂ ಅದನ್ನೇ ಅಲ್ವಾ? ಅವನಿಗೆ 1985ರಲ್ಲಿ ಬಹಿರಂಗ ವಿಚಾರಣೆಯಾದರೂ ಸಿಕ್ಕಿತು. ಮಾತಾಡಿದ 180 ಜನರಲ್ಲಿ 122 ಮಂದಿ ಇರಲಿ ಅಂದಿದ್ದರು, ಆದರೂ ಎತ್ತಿದರು, ಆ ಮಾತು ಬೇರೆ. ಇಲ್ಲಿ ಗಾಡಿ ಎತ್ತುವಾಗ ಬಾಣಲೆಯಲ್ಲಿ ಮಿರ್ಚಿ ಇನ್ನೂ ಅರ್ಧ ಬೆಂದಿರುತ್ತದೆ.