ಮಗುವಿನ ವಯಸ್ಸು ಮತ್ತು ಇಲಾಖೆಯ ವ್ಯಾಪ್ತಿ

ಮಕ್ಕಳ ವಿಷಯದಲ್ಲಿ ಸರ್ಕಾರಿ ಇಲಾಖೆಗಳು ಒಂದರೊಡನೊಂದು ಮಾತನಾಡುವುದೇ ಇಲ್ಲ ಎಂದು ದೂರುವವರು ಯಾವುದಾದರೊಂದು ತಾಲ್ಲೂಕಿನ ಸಮನ್ವಯ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ನೋಡಬೇಕು. ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಕ್ಷೇತ್ರ ಶಿಕ್ಷಣಾಧಿಕಾರಿ, ತಾಲ್ಲೂಕು ಆರೋಗ್ಯಾಧಿಕಾರಿ, ಕಾರ್ಮಿಕ ನಿರೀಕ್ಷಕರು, ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ, ಸಮಾಜ ಕಲ್ಯಾಣದವರು, ಹಿಂದುಳಿದ ವರ್ಗಗಳವರು ಎಲ್ಲರೂ ಅಲ್ಲಿರುತ್ತಾರೆ. ಅವರು ಇಲ್ಲದಿದ್ದರೆ ಅವರ ಕಚೇರಿಯ ದ್ವಿತೀಯ ದರ್ಜೆ ಸಹಾಯಕರಾದರೂ ಇರುತ್ತಾರೆ. ಹಾಗೆ ಬಂದ ಸಹಾಯಕರಿಗೆ ಎರಡು ಅಧಿಕಾರಗಳನ್ನು ಕೊಟ್ಟು ಕಳಿಸಿರುತ್ತಾರೆ: ಹಾಜರಾತಿ ಪುಸ್ತಕದಲ್ಲಿ 'ಪರವಾಗಿ' ಎಂದು ಬರೆದು ಸಹಿ ಹಾಕುವುದು, ಏನೇ ಕೇಳಿದರೂ "ಸಾಹೇಬರ ಗಮನಕ್ಕೆ ತರ್ತೀನಿ ಸರ್" ಎನ್ನುವುದು.

ಸಭೆಯ ಮೊದಲ ಭಾಗ ಅನುಪಾಲನಾ ವರದಿಗೆ ಮೀಸಲು. ಹಿಂದಿನ ಸಭೆಯ ತೀರ್ಮಾನ ಏನೆಂದರೆ, ಎಲ್ಲ ಇಲಾಖೆಗಳೂ ಪರಸ್ಪರ ಸಮನ್ವಯ ಸಾಧಿಸತಕ್ಕದ್ದು. ಅದಕ್ಕೆ ಕೈಗೊಂಡ ಕ್ರಮ, ಸಮನ್ವಯ ಸಾಧಿಸುವಂತೆ ಸಂಬಂಧಿಸಿದ ಇಲಾಖೆಗಳಿಗೆ ಪತ್ರ ಬರೆಯಲಾಗಿದೆ. ಪತ್ರ ಬರೆದವರು ಮತ್ತು ಪತ್ರ ಪಡೆಯಬೇಕಾದವರು ಅದೇ ಮೇಜಿನ ಸುತ್ತ, ಒಂದೇ ತಟ್ಟೆಯ ಬಿಸ್ಕತ್ತಿಗೆ ಕೈ ಚಾಚುವಷ್ಟು ಹತ್ತಿರದಲ್ಲಿ ಕುಳಿತಿರುತ್ತಾರೆ. ಆದರೆ ಟಪಾಲು ಇನ್ನೂ ತಲುಪಿಲ್ಲವಾದ್ದರಿಂದ ಆ ವಿಷಯವಾಗಿ ಬಾಯಿಬಿಡುವುದು ಕಾರ್ಯವಿಧಾನಕ್ಕೆ ವಿರುದ್ಧವಾದೀತೆಂದು ಇಬ್ಬರೂ ಮೌನವಾಗಿರುತ್ತಾರೆ. ತೀರ್ಮಾನವನ್ನು ಮುಂದಿನ ಸಭೆಗೂ ಕಾಯ್ದಿರಿಸಲಾಗುತ್ತದೆ.

ಈ ಕೂಡಿ ನಡೆಯುವ ಆಲೋಚನೆ ನಿನ್ನೆ ಮೊನ್ನೆಯದಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದ ಮೊದಲ ತಾಲ್ಲೂಕು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂದೇ ಯೋಜನೆಯ ಆರು ಸೇವೆಗಳಲ್ಲಿ ಮೂರನ್ನು, ಅಂದರೆ ಚುಚ್ಚುಮದ್ದು, ಆರೋಗ್ಯ ತಪಾಸಣೆ ಮತ್ತು ದೊಡ್ಡಾಸ್ಪತ್ರೆಗೆ ಕಳಿಸುವ ಕೆಲಸವನ್ನು, ಆರೋಗ್ಯ ಇಲಾಖೆ ಮಾಡತಕ್ಕದ್ದೆಂದು ಇತ್ತು. ಐವತ್ತು ವರ್ಷ ಕಳೆದರೂ ಅಂಗನವಾಡಿ ನಡೆಸುವ ಇಲಾಖೆ ಮತ್ತು ಆರೋಗ್ಯ ಇಲಾಖೆ ಎರಡೂ ಈ ಒಪ್ಪಂದಕ್ಕೆ ಬದ್ಧವಾಗಿವೆ. ಕಡಿಮೆ ತೂಕದ ಮಗುವಿನ ಬಗ್ಗೆ ಕೇಳಿದರೆ ಒಂದು ಇಲಾಖೆ ಇನ್ನೊಂದನ್ನು ತೋರಿಸುವುದರಲ್ಲಿ ಇಂದಿಗೂ ತಪ್ಪಿಲ್ಲ.

ಇಲಾಖೆಗಳ ಸಮನ್ವಯ ಬರೀ ಕಾಗದದ ಮೇಲಿದೆ ಎನ್ನುವುದೂ ಸರಿಯಲ್ಲ. ಅದು ಪ್ರತಿ ಹಳ್ಳಿಯಲ್ಲೂ ಸೀರೆಯುಟ್ಟು ಓಡಾಡುತ್ತಿದೆ. ಅದಕ್ಕೆ ಅಂಗನವಾಡಿ ಕಾರ್ಯಕರ್ತೆ ಎಂದು ಹೆಸರು. ಬಾಲವಿಕಾಸ ಸಮಿತಿಯಲ್ಲಿ ಆಕೆ ಇದ್ದಾಳೆ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿಯಲ್ಲಿದ್ದಾಳೆ, ಪಂಚಾಯಿತಿಯ ಮಕ್ಕಳ ರಕ್ಷಣಾ ಸಮಿತಿಯಲ್ಲಿದ್ದಾಳೆ, ಕಾವಲು ಸಮಿತಿಯಲ್ಲಿದ್ದಾಳೆ. ಚುನಾವಣೆಯ ಹೊತ್ತಿಗೆ ಮತಗಟ್ಟೆ ಮಟ್ಟದ ಅಧಿಕಾರಿಯೂ ಆಕೆಯೇ ಆಗಿರುವುದುಂಟು. ಎಲ್ಲ ಇಲಾಖೆಗಳ ವಾಟ್ಸಾಪ್ ಗುಂಪುಗಳೂ ಆಕೆಯ ಒಂದೇ ಮೊಬೈಲಿನಲ್ಲಿ ಸಂಗಮಿಸುತ್ತವೆ. ಮಕ್ಕಳ ಅಪೌಷ್ಟಿಕತೆಯ ಕುರಿತ ಸಮನ್ವಯ ಸಭೆಗೆ ಆಕೆ ಹಾಜರಾಗಬೇಕಾದ ದಿನ ಅಂಗನವಾಡಿಗೆ ಸಹಾಯಕಿಯೇ ಗತಿ. ಸಹಾಯಕಿಯ ಹುದ್ದೆ ಖಾಲಿಯಿದ್ದಲ್ಲಿ ಬೀಗವೇ ಗತಿ. ಅಪೌಷ್ಟಿಕತೆಯ ಬಗ್ಗೆ ಗಂಭೀರ ಚರ್ಚೆ ನಡೆಯುವ ದಿನವೇ ಮಕ್ಕಳಿಗೆ ಊಟ ತಪ್ಪುವುದನ್ನು ಯಾರೂ ಆಕ್ಷೇಪಿಸುವಂತಿಲ್ಲ, ಏಕೆಂದರೆ ಆಕ್ಷೇಪಿಸಬಲ್ಲ ಏಕೈಕ ವ್ಯಕ್ತಿಯೂ ಸಭೆಯಲ್ಲೇ ಇರುತ್ತಾಳೆ.

ಇನ್ನು, ಎರಡು ಇಲಾಖೆಗಳು ಒಂದೇ ಮಗುವನ್ನು ಏಕಕಾಲಕ್ಕೆ ಪ್ರೀತಿಸಿಬಿಟ್ಟರೆ ಏನಾಗುತ್ತದೆ ಎಂಬುದನ್ನು 2024ರಲ್ಲಿ ರಾಜ್ಯವೇ ಕಂಡಿತು. ಶಿಕ್ಷಣ ಇಲಾಖೆಯು ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಿತು. ನಾಲ್ಕು ವರ್ಷದ ಮಕ್ಕಳೆಲ್ಲ ಶಾಲೆಗೆ ಹೋದರೆ ನಮ್ಮ ಕೇಂದ್ರಗಳಲ್ಲಿ ಯಾರಿರುತ್ತಾರೆಂದು ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು ಕುಳಿತರು. ಅವರ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಸ್ವಲ್ಪ ದಿನಗಳಲ್ಲೇ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು 'ಸರ್ಕಾರಿ ಮಾಂಟೆಸ್ಸರಿ' ಎಂಬ ಹೆಸರಿನಲ್ಲಿ ಅಂಗನವಾಡಿಗಳಲ್ಲೇ ಎಲ್‌ಕೆಜಿ, ಯುಕೆಜಿ ಉದ್ಘಾಟಿಸಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುವುದು ಹಳೆಯ ಕಾಲದ ಮಾತು. ಇಲಾಖೆಗಳ ಜಗಳದಲ್ಲಿ ಕೂಸಿಗೆ ಎರಡು ಎಲ್‌ಕೆಜಿ ಸಿಕ್ಕಿತು. ತಂದೆ ತಾಯಿ ಮಾತ್ರ ಎರಡನ್ನೂ ಬಿಟ್ಟು ಮಗುವನ್ನು ಮನೆಯೆದುರು ಬಂದು ನಿಲ್ಲುವ ಖಾಸಗಿ ಶಾಲೆಯ ಹಳದಿ ವ್ಯಾನಿಗೆ ಹತ್ತಿಸಿದರು.

ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು 2022ರಲ್ಲಿ ಆದೇಶವಾಗಿ, ಅದು ಜಾರಿಗೆ ಬರಬೇಕಾದ 2025ರಲ್ಲಿ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾದರೂ ಸಾಕು ಎಂದು ಸಡಿಲವಾದದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಐದೂಮುಕ್ಕಾಲು ವರ್ಷದ ಮಗು ತಾನು ಯಾರ ಫಲಾನುಭವಿ ಎಂದು ತಿಳಿಯಲು ಸುತ್ತೋಲೆ ಓದಬೇಕಾಗುತ್ತದೆ, ಸುತ್ತೋಲೆ ಓದಲು ಒಂದನೇ ತರಗತಿಗೆ ಸೇರಬೇಕಾಗುತ್ತದೆ ಎಂದಷ್ಟೇ ಹೇಳಿ ಮುಂದಕ್ಕೆ ಹೋಗಬಹುದು.

ಆ ಮಗುವಿನ ಗುರುತಿನ ಬಗ್ಗೆ ಮಾತ್ರ ಆಡಳಿತಕ್ಕೆ ಯಾವ ಅನುಮಾನವೂ ಇಲ್ಲ. ಹುಟ್ಟುವ ಮೊದಲೇ ತಾಯಿ ಕಾರ್ಡಿನ ಸಂಖ್ಯೆ, ಹುಟ್ಟಿದೊಡನೆ ಜನನ ನೋಂದಣಿ ಸಂಖ್ಯೆ, ಆಮೇಲೆ ಆಧಾರ್, ಅಂಗನವಾಡಿಯಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪಿನ ಸಂಖ್ಯೆ, ಶಾಲೆಯಲ್ಲಿ ರಾಜ್ಯದ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನದು, ಕೇಂದ್ರದ ಶಾಲಾ ದಾಖಲೆಯಾದ ಯುಡೈಸ್‌ನದು, ಅದರ ಮೇಲೆ ಅಪಾರ್ ಎಂಬ ವಿದ್ಯಾರ್ಥಿ ಗುರುತಿನ ಸಂಖ್ಯೆ. ಇಷ್ಟು ಸಂಖ್ಯೆಗಳ ನಡುವೆ ಮಗು ಕಳೆದುಹೋಗುವ ಸಂಭವವೇ ಇಲ್ಲ. ಆಧಾರಿನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಸ್ಯಾಟ್ಸ್‌ನಲ್ಲಿ ಹಿಂದೆ ಇದ್ದರೆ ಮಾತ್ರ ಅದು ಎರಡು ಮಗುವಾಗುತ್ತದೆ. ಆಗ ತಂದೆ ಕೂಲಿ ಬಿಟ್ಟು ನಾಡಕಚೇರಿ, ಶಾಲೆ, ಆಧಾರ್ ಕೇಂದ್ರಗಳ ನಡುವೆ ಅಲೆದು ಎರಡನ್ನು ಒಂದು ಮಾಡಬೇಕು. ಇಲಾಖೆಗಳ ನಡುವೆ ನಡೆಯಬೇಕಾದ ಸಮನ್ವಯವನ್ನು ಪೋಷಕರು ಹೀಗೆ ಸ್ವಂತ ಖರ್ಚಿನಲ್ಲಿ ನೆರವೇರಿಸಿಕೊಡುತ್ತಿರುವುದಕ್ಕೆ ಎಲ್ಲಿಯೂ ಕೃತಜ್ಞತೆ ಸಲ್ಲಿಕೆಯಾಗಿಲ್ಲ.

ಆದರೆ ಸಹಯೋಗದ ನಿಜವಾದ ವೈಭವವನ್ನು ನೋಡಬೇಕಾದರೆ ಹದಿನೈದು ವರ್ಷದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಬೇಕು. ಬಹಳ ಕಷ್ಟಪಟ್ಟು ಕಲ್ಪಿಸಿಕೊಳ್ಳಬೇಕಾಗಿಯೂ ಇಲ್ಲ. ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಾಗ ಆಕೆ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಮೈಕು ಹಿಡಿದು, ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಬಸ್ಸಿಲ್ಲ, ಸಂಜೆ ಕತ್ತಲಾದ ಮೇಲೆ ನಡೆದು ಬರಬೇಕು ಎಂದು ಹೇಳಿದ್ದಳು. ಸಭೆ ಚಪ್ಪಾಳೆ ತಟ್ಟಿತ್ತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಬರೆದುಕೊಂಡಿದ್ದರು. ಮಕ್ಕಳ ದಿನಾಚರಣೆಯಿಂದ ಹಿಡಿದು ರಾಷ್ಟ್ರೀಯ ಹೆಣ್ಣುಮಕ್ಕಳ ದಿನದವರೆಗೆ ನಡೆಯುವ ಮಕ್ಕಳ ಸ್ನೇಹಿ ಅಭಿಯಾನದ ವರದಿಯಲ್ಲಿ ಆಕೆ ಮೈಕು ಹಿಡಿದ ಫೋಟೊ ಜಿಪಿಎಸ್ ಗುರುತಿನೊಂದಿಗೆ ಅಚ್ಚಾಗಿತ್ತು. ಬಸ್ಸಿನ ವಿಷಯ ತಾಲ್ಲೂಕಿನ ಸಮನ್ವಯ ಸಭೆಗೆ ಬಂದಾಗ, ಬಸ್ ಡಿಪೊ ವ್ಯವಸ್ಥಾಪಕರು ಸದರಿ ಸಮಿತಿಯ ಸದಸ್ಯರಲ್ಲವೆಂಬುದು ತಿಳಿದುಬಂದು, ಅವರಿಗೆ ಪತ್ರ ಬರೆಯಲು ತೀರ್ಮಾನವಾಯಿತು. ಮೇಲಾಗಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆಯಿಲ್ಲವೆಂದು ಒಬ್ಬರು ಸಭೆಯ ಗಮನಕ್ಕೆ ತಂದರು. ಬಾರದ ಬಸ್ಸಿನಲ್ಲಿ ಪ್ರಯಾಣ ಉಚಿತವೆಂಬುದು ಸರ್ವಾನುಮತದಿಂದ ದಾಖಲಾಯಿತು.

ಆಕೆ ಶಾಲೆ ಬಿಟ್ಟಳು. ಈಗ ಆಕೆ ಯಾರ ಜವಾಬ್ದಾರಿ ಎಂದು ಕೇಳಿದಾಗ ಸಭೆಯಲ್ಲಿ ಕಾನೂನಿನ ಅಪೂರ್ವ ಪಾಂಡಿತ್ಯ ಪ್ರದರ್ಶನವಾಯಿತು. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ. ಆದ್ದರಿಂದ ಆಕೆ ಶಾಲೆಯಿಂದ ಹೊರಗುಳಿದ ಮಗುವಲ್ಲ, ಶಾಲೆಯನ್ನು ದಾಟಿದವಳು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯಂತೆ ಹದಿನಾಲ್ಕರಿಂದ ಹದಿನೆಂಟರವರು ಅಪಾಯಕಾರಿಯಲ್ಲದ ಕೆಲಸ ಮಾಡಬಹುದು. ಆದ್ದರಿಂದ ಮೆಣಸಿನಕಾಯಿ ಬಿಡಿಸಲು ಹೋದರೆ ಕಾರ್ಮಿಕ ನಿರೀಕ್ಷಕರ ತಕರಾರಿಲ್ಲ. ಆರೋಗ್ಯ ಇಲಾಖೆಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹತ್ತರಿಂದ ಹತ್ತೊಂಬತ್ತರವರೆಗೆ ಆಕೆ ಕಿಶೋರಿ. ಸ್ನೇಹ ಕ್ಲಿನಿಕ್ ತೆರೆದೇ ಇದೆ, ಬರಬಹುದು, ಬಸ್ಸಿದ್ದರೆ. ರಾಷ್ಟ್ರೀಯ ಯುವ ನೀತಿಯ ಪ್ರಕಾರ ಹದಿನೈದಕ್ಕೆ ಆಕೆ ಯುವಜನರಲ್ಲಿ ಒಬ್ಬಳು. ಯುವ ಸಬಲೀಕರಣ ಇಲಾಖೆ ವಾಲಿಬಾಲ್ ಕೊಡಬಲ್ಲದು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮಾತ್ರ ಆಕೆ ಹದಿನೆಂಟು ತುಂಬುವವರೆಗೂ ಮಗು. ಆದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಲು ಆಕೆ ರಕ್ಷಣೆ ಮತ್ತು ಪೋಷಣೆಯ ಅಗತ್ಯವಿರುವ ಮಗುವಾಗಿರಬೇಕು, ಸದ್ಯಕ್ಕೆ ಆಕೆಗೆ ಬೇಕಾಗಿರುವುದು ಬಸ್ಸು ಮಾತ್ರ. ಶಾಲೆ ಬಿಟ್ಟ ಹುಡುಗಿಯರಿಗೆಂದೇ ಒಂದು ಕಿಶೋರಿಯರ ಯೋಜನೆ ಇತ್ತಲ್ಲ ಎಂದು ಯಾರೋ ನೆನಪಿಸಿದರು. ಇದೆ; ಆದರೆ ಹೊಸ ರೂಪದಲ್ಲಿ ಅದು ಹದಿನಾಲ್ಕರಿಂದ ಹದಿನೆಂಟು ವರ್ಷದವರಿಗೆ, ಅದೂ ಹಿಂದುಳಿದವೆಂದು ಕೇಂದ್ರ ಗುರುತಿಸಿ 'ಮಹತ್ವಾಕಾಂಕ್ಷಿ' ಎಂದು ಹೆಸರಿಟ್ಟ ಜಿಲ್ಲೆಗಳಲ್ಲಿ. ಕರ್ನಾಟಕದಲ್ಲಿ ರಾಯಚೂರು ಮತ್ತು ಯಾದಗಿರಿಗೆ ಮಾತ್ರ ಆ ಮಹತ್ವಾಕಾಂಕ್ಷೆ ಮಂಜೂರಾಗಿದೆ. ಹುಡುಗಿ ಹುಟ್ಟುವ ಮುನ್ನ ಜಿಲ್ಲೆಯನ್ನು ವಿಚಾರಿಸಿಕೊಳ್ಳಬೇಕಿತ್ತು.

ಹೀಗೆ ಯಾರಿಗೂ ಸೇರದೆ ಉಳಿದಿದ್ದ ಆಕೆ, ಲಗ್ನಪತ್ರಿಕೆ ಅಚ್ಚಾದ ದಿನ ಇದ್ದಕ್ಕಿದ್ದಂತೆ ಎಲ್ಲರಿಗೂ ಸೇರಿದವಳಾದಳು. ಬಾಲ್ಯವಿವಾಹ ನಿಷೇಧಾಧಿಕಾರಿಗಳೆಂದು ನಮ್ಮ ರಾಜ್ಯ ಒಬ್ಬಿಬ್ಬರನ್ನಲ್ಲ, ಹಲವು ಇಲಾಖೆಗಳ ಅಧಿಕಾರಿಗಳನ್ನು ಅಧಿಸೂಚಿಸಿದೆ. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧುವೆಂದು ತಿದ್ದುಪಡಿ ತಂದಿದೆ. ದೇಶದ ಅನೇಕ ರಾಜ್ಯಗಳಿಗಿಂತ ನಮ್ಮ ಕಾನೂನು ಬಿಗಿಯಾಗಿದೆ, ಇದು ತಮಾಷೆಯ ಮಾತಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರೋ ಕರೆ ಮಾಡಿದರು. 2023ರಿಂದ ಆ ಸಹಾಯವಾಣಿಯನ್ನು ಸ್ವಯಂಸೇವಾ ಸಂಸ್ಥೆಗಳ ಕೈಯಿಂದ ತೆಗೆದು ಸರ್ಕಾರವೇ ನಡೆಸುತ್ತಿರುವುದರಿಂದ ಕರೆ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ವಲಯ ಮೇಲ್ವಿಚಾರಕಿಗೆ ಹರಿದು ಬಂತು. ಮೂರು ಜೀಪುಗಳು ಹಳ್ಳಿಗೆ ಬಂದವು. ಅಂದು ಬಂದಷ್ಟು ವಾಹನಗಳಲ್ಲಿ ಒಂದು ಹಿಂದಿನ ವರ್ಷ ದಿನಕ್ಕೆರಡು ಸಲ ಅದೇ ರಸ್ತೆಯಲ್ಲಿ ಓಡಿದ್ದರೆ ಆ ಲಗ್ನಪತ್ರಿಕೆಯೇ ಅಚ್ಚಾಗುತ್ತಿರಲಿಲ್ಲ ಎಂದು ಅಂಗನವಾಡಿ ಕಾರ್ಯಕರ್ತೆ ಗೊಣಗಿದ್ದು ನಡಾವಳಿಯಲ್ಲಿಲ್ಲ.

ಮನೆಯ ಜಗಲಿಯ ಮೇಲೆ ಹುಡುಗಿಯ ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಳ್ಳಲಾಯಿತು. ವಾಕ್ಯಗಳು ಸಿದ್ಧವಾಗಿಯೇ ಬಂದಿದ್ದವು. ಹೆಸರು ಮತ್ತು ದಿನಾಂಕ ತುಂಬಿದ ಮೇಲೆ ಆತ ಹೆಬ್ಬೆಟ್ಟು ಒತ್ತಿದ. "ಇನ್ನು ಮೂರು ವರ್ಷ ಮದುವೆ ಮಾತೆತ್ತಬಾರದು ನೋಡಪ್ಪ," ಎಂದು ಅಧಿಕಾರಿಗಳು ಹೇಳಿದರು. "ಆಯ್ತು ಸ್ವಾಮಿ, ಅಲ್ಲೀತಂಕ ಮಗಳನ್ನ ಏನ್ ಮಾಡ್ಲಿ?" ಎಂದು ಆತ ಕೇಳಿದ. ಓದಿಸಬೇಕೆಂದು ಒಬ್ಬರು, ಹಾಸ್ಟೆಲಿಗೆ ಅರ್ಜಿ ಹಾಕಬೇಕೆಂದು ಇನ್ನೊಬ್ಬರು, ಹಾಸ್ಟೆಲ್ ಅರ್ಜಿಯ ಕೊನೆಯ ದಿನಾಂಕ ಮುಗಿದಿದೆಯೆಂದು ಮತ್ತೊಬ್ಬರು ತಿಳಿಸಿದರು. ಎಲ್ಲರೂ ಸೇರಿ ಹುಡುಗಿಯನ್ನು ನಡುವೆ ನಿಲ್ಲಿಸಿಕೊಂಡು ಫೋಟೊ ತೆಗೆಸಿಕೊಂಡರು. ಆಕೆಯ ಮುಖವನ್ನು ಮಸುಕು ಮಾಡಿ ಪ್ರಕಟಿಸಬೇಕೆಂಬ ನಿಯಮವನ್ನು ಪಾಲಿಸಲಾಯಿತು.

ಮುಂದಿನ ಸಭೆಯಲ್ಲಿ 'ತಡೆಯಲಾದ ಬಾಲ್ಯವಿವಾಹ' ಎಂಬ ಕಲಮಿನಲ್ಲಿ ಒಂದು ಎಂದು ಬರೆಯಲಾಯಿತು. ಆ ಒಂದನ್ನು ಪೊಲೀಸ್, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕಂದಾಯ ಮತ್ತು ಪಂಚಾಯತ್ ರಾಜ್ ಇಲಾಖೆಗಳು ತಂತಮ್ಮ ವರದಿಗಳಲ್ಲಿ ತಲಾ ಒಂದರಂತೆ ಸೇರಿಸಿಕೊಂಡಿದ್ದರಿಂದ ಜಿಲ್ಲೆಗೆ ಹೋಗುವ ಹೊತ್ತಿಗೆ ಅದು ನಾಲ್ಕಾಗಿತ್ತು. ಅಷ್ಟರಲ್ಲಿ ಪಕ್ಕದ ತಾಲ್ಲೂಕಿನ ದೇವಸ್ಥಾನವೊಂದರಲ್ಲಿ, ಸೋದರಮಾವನ ಊರಿನಲ್ಲಿ, ಬೆಳಗಿನ ಜಾವ ನಾಲ್ಕರ ಮುಹೂರ್ತದಲ್ಲಿ ಆಕೆಯ ಮದುವೆ ಮುಗಿದಿತ್ತು. ಅದು ನಮ್ಮ ತಾಲ್ಲೂಕಿನ ವ್ಯಾಪ್ತಿಗೆ ಬರುವುದಿಲ್ಲ. ಆ ತಾಲ್ಲೂಕಿನಲ್ಲಿ ದೂರು ಬಾರದಿದ್ದುದರಿಂದ ಅಲ್ಲಿನ ಸಮನ್ವಯ ಸಭೆ ಬಾಲ್ಯವಿವಾಹ ಶೂನ್ಯವೆಂದು ವರದಿ ಮಾಡಿ ಮೆಚ್ಚುಗೆ ಪಡೆಯಿತು.

ವರ್ಷ ತುಂಬುವುದರೊಳಗೆ ಆಕೆ ತಾಯಿ ಕಾರ್ಡ್ ಮಾಡಿಸಲು ಬಂದಳು. ವಯಸ್ಸು ಇದ್ದದ್ದನ್ನು ಇದ್ದಂತೆ ಬರೆದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪೋಕ್ಸೊ ಪ್ರಕರಣ, ಗಂಡನಿಗೆ ಜೈಲು, ಮಾಹಿತಿ ಕೊಡದಿದ್ದರೆ ಆಸ್ಪತ್ರೆಯವರಿಗೂ ತೊಂದರೆ; ಮೇಜಿನ ಆಚೆಯವರು ಒಮ್ಮೆ ಆಕೆಯ ಮುಖ ನೋಡಿ, ಒಮ್ಮೆ ಜೊತೆಯಲ್ಲಿದ್ದ ಅತ್ತೆಯ ಮುಖ ನೋಡಿ, ಹತ್ತೊಂಬತ್ತು ಎಂದು ಬರೆದರು. ಆರೋಗ್ಯ ಇಲಾಖೆಗೆ ಮೊದಲ ತ್ರೈಮಾಸಿಕದಲ್ಲೇ ಗರ್ಭಿಣಿಯನ್ನು ನೋಂದಾಯಿಸಿದ ಸಾಧನೆ ಸಿಕ್ಕಿತು. ಆ ಕಾರ್ಡಿನ ಆಧಾರದ ಮೇಲೆ ಅಂಗನವಾಡಿ ಆಕೆಯನ್ನು ಮಾತೃಪೂರ್ಣ ಯೋಜನೆಗೆ ಸೇರಿಸಿಕೊಂಡು ಅನ್ನ, ಸಾರು, ಮೊಟ್ಟೆ ಕೊಡಲಾರಂಭಿಸಿತು. ಎರಡು ಇಲಾಖೆಗಳ ತಂತ್ರಾಂಶಗಳಲ್ಲೂ ಆಕೆಯ ಹೆಸರು, ಇನಿಷಿಯಲ್, ವಯಸ್ಸು ಒಂದಕ್ಷರವೂ ವ್ಯತ್ಯಾಸವಿಲ್ಲದೆ ತಾಳೆಯಾದವು, ಮತ್ತು ಅಂತರ ಇಲಾಖಾ ದತ್ತಾಂಶ ಹೊಂದಾಣಿಕೆಗೆ ಉತ್ತಮ ಉದಾಹರಣೆಯೆಂದು ಮುಂದಿನ ತಿಂಗಳ ಸಭೆಯಲ್ಲಿ ಆ ಪುಟವನ್ನೇ ಪರದೆಯ ಮೇಲೆ ತೋರಿಸಲಾಯಿತು.