70 ಸಾವಿರ ಎಲ್ಲಿ, 9 ಸಾವಿರ ಎಲ್ಲಿ!

ಮತ್ತೆ ಶುರುವಾಯ್ತು. ಕಾರಿನ ಎಡಗಡೆ ಮುಂದಿನ ಚಕ್ರದಿಂದ ಅದೇ ಕಟಕಟ. ಹಂಪ್ ಹತ್ತಿಸಿದರೆ ಕಟ್, ಇಳಿಸಿದರೆ ಕಟ್, ಗೇಟಿನೊಳಗೆ ತಿರುಗಿಸುವಾಗ ಕಿರ್ರ್. ಹಿಂದೆ ಕೂತಿದ್ದ ಅಮ್ಮ, "ಮೊನ್ನೆ ತಾನೆ ರಿಪೇರಿ ಮಾಡಿಸಿದ್ದೆ ಅಲ್ವೇನೋ?" ಅಂದರು. ಹೌದಮ್ಮ, ಮೊನ್ನೆಯೇ. ಇನ್ನೂ ಎಂಟು ತಿಂಗಳು ತುಂಬಿಲ್ಲ.

ಕಾರಿನ ಜೊತೆ ಬಂದ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳು), ಲಿಂಕ್ ರಾಡ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳಿಗೆ ಸೇರುವ ಕಡ್ಡಿ) 70 ಸಾವಿರ ಕಿಲೋಮೀಟರ್ ಬಾಳಿದವು. ಇದೇ ಬೆಂಗಳೂರಿನ ಗುಂಡಿ, ವರ್ಷಕ್ಕೆ ಮೂರ್ನಾಲ್ಕು ಸಲ ಊರಿಗೆ ಹೋಗುವಾಗ ಇದೇ ಶಿರಾಡಿ ಘಾಟಿ, ಇದೇ ನಾನು. ಆಮೇಲೆ ಹಾಕಿಸಿದ, ಕಾರು ಕಂಪನಿಯದಲ್ಲದ ಹೊರಗಿನ ಸಾಮಾನು 9 ಸಾವಿರಕ್ಕೇ ಕೈ ಕೊಟ್ಟಿದೆ. ಮೆಕ್ಯಾನಿಕ್‌ನ ಕೇಳಿದರೆ "ರೋಡ್ ಹಂಗಿದೆ ಸಾರ್, ಪಾರ್ಟ್ ಏನ್ ಮಾಡತ್ತೆ?" ಅಂತಾನೆ. ಅಲ್ಲಪ್ಪಾ, ಮೊದಲಿನ 70 ಸಾವಿರ ನಾನೇನು ಗಾಳಿಯಲ್ಲಿ ಓಡಿಸಿದೆನಾ?

ರೋಡು ಕೆಟ್ಟದ್ದು ಅನ್ನೋದು ಸುಳ್ಳಲ್ಲ. ರಸ್ತೆಯ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದ ಹಂಪ್ 3.7 ಮೀಟರ್ ಅಗಲಕ್ಕೆ 10 ಸೆಂಟಿಮೀಟರ್ ಎತ್ತರ, ನಮ್ಮ ಬೀದಿಯದು ಎಮ್ಮೆ ಅಡ್ಡ ಮಲಗಿದ ಹಾಗಿದೆ. ಆದರೆ ಆ ಎಮ್ಮೆ ಮೊದಲೂ ಅಲ್ಲೇ ಇತ್ತು.

ಸರ್ವಿಸ್ ಸೆಂಟರ್‌ನ ಎಸ್ಟಿಮೇಟ್ ನೋಡಿ ತಲೆ ತಿರುಗಿ, ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗಿದ್ದು ನಾನೇ, ಒಪ್ಪಿದೆ. ಅಂಗಡಿಯವರು ಕೇಳಿದ್ದು ಒಂದೇ: "ಫಸ್ಟ್ ಕ್ವಾಲಿಟಿನಾ, ಲೋಕಲ್ಲಾ?" ಫಸ್ಟ್ ಕ್ವಾಲಿಟಿಯನ್ನೇ ಕೊಡಿ ಅಂದೆ. ಡಬ್ಬದ ಮೇಲೆ ಥಳಥಳ ಸ್ಟಿಕ್ಕರ್. ಎಷ್ಟು ಕಿಲೋಮೀಟರ್ ಬರುತ್ತೆ ಅಂತ ಕೇಳಿದರೆ "ಟೆನ್ಷನ್ನೇ ಬೇಡ ಸಾರ್". ಇದು ಯಾವ ಅಳತೆ? ಟೆನ್ಷನ್ನೇ ಬೇಡ ಅಂದರೆ ಎಷ್ಟು ಕಿಲೋಮೀಟರ್?

ಆವತ್ತೇ ನನಗೆ ಗೊತ್ತಾಗಬೇಕಿತ್ತು. ಹೊಸ ಲಿಂಕ್ ರಾಡ್‌ನ ಬಾಲ್ ಜಾಯಿಂಟ್ (ಬಟ್ಟಲಲ್ಲಿ ಕೂತ ಗೋಲಿಯ ಹಾಗೆ ತಿರುಗುವ ಕೀಲು) ಬಿಗಿಯಾಗಿರಬೇಕು, ಕೈಯಲ್ಲಿ ಹಿಡಿದು ತಿರುಗಿಸಿದರೆ ಕಷ್ಟಪಟ್ಟು, ಒಂದೇ ಹದದಲ್ಲಿ ತಿರುಗಬೇಕು. ಇದು ಡಬ್ಬದಿಂದ ತೆಗೆದ ಕೂಡಲೇ ಗಿಲಕಿ ಥರ ಅಲ್ಲಾಡಿತ್ತು. "ಫ್ರೀ ಇದೆ, ಒಳ್ಳೇದೇ" ಅಂದರು, ನಾನೂ ತಲೆಯಾಡಿಸಿದೆ.

ನಿನ್ನೆ ಜಾಕ್ ಹಾಕಿ ಚಕ್ರ ಬಿಚ್ಚಿಸಿದೆ. ಬಾಲ್ ಜಾಯಿಂಟ್ ಮೇಲಿನ ರಬ್ಬರ್ ಟೋಪಿ ಸುತ್ತಲೂ ಬಿರುಕು ಬಿಟ್ಟಿತ್ತು. ಗ್ಯಾರೇಜಿನ ಹುಡುಗ ಬೆರಳು ಹಾಕಿ ಒತ್ತಿದ. ಗ್ರೀಸ್ ಬರಬೇಕಾದ ಜಾಗದಿಂದ ಕೆಂಪಗೆ ತುಕ್ಕಿನ ನೀರು ಬಂತು, ಟೀ ಚರಟದ ಥರ. ಎಂಟು ತಿಂಗಳಿಗೆ ರಬ್ಬರ್ ಸೀಳಿದೆ, ನೀರು ನುಗ್ಗಿದೆ, ಗೋಲಿ ತಿಂದು ಹೋಗಿದೆ. ಲೋವರ್ ಆರ್ಮ್ ಬುಷ್ (ಆರ್ಮ್ ಕಾರಿಗೆ ಸೇರುವಲ್ಲಿನ ರಬ್ಬರ್ ತುಂಡು) ಒಂದು ಕಡೆ ಕಬ್ಬಿಣ ಬಿಟ್ಟು ಎದ್ದು ಬಂದಿದೆ.

ಬುಷ್ ವಿಷಯದಲ್ಲಿ ಅರ್ಧ ತಪ್ಪು ಫಿಟ್ಟಿಂಗಿನದೂ ಇರಬಹುದು. ಲೋವರ್ ಆರ್ಮ್ ಬೋಲ್ಟ್ ಕೊನೆಯ ಬಿಗಿ ಕೊಡಬೇಕಾದ್ದು ಕಾರು ನಾಲ್ಕು ಚಕ್ರದ ಮೇಲೆ ನಿಂತಾಗ. ಜಾಕ್ ಮೇಲೆ ಆರ್ಮ್ ಕೆಳಗೆ ಜೋತಾಡುವಾಗಲೇ ಬಿಗಿ ಮಾಡಿದರೆ, ಕಾರು ಇಳಿಸಿದ ಮೇಲೆ ಆ ರಬ್ಬರ್ ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ, ಹರಿಯದೆ ಇನ್ನೇನು ಮಾಡುತ್ತದೆ? ಅವತ್ತು ಕಾರು ಜಾಕ್ ಮೇಲಿರುವಾಗಲೇ ಬೋಲ್ಟ್ ಬಿಗಿಸುವ ಗನ್ ಹಿಡಿದು ಗರ್ರ್ ಅನ್ನಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೇಳಿದ್ದಕ್ಕೆ "ನಾವು ಎಲ್ಲಾ ಗಾಡಿಗೂ ಹಿಂಗೇ ಮಾಡೋದು" ಅಂತ ಉತ್ತರ. ಹಾಗಾದರೆ ಎಲ್ಲಾ ಗಾಡಿಯೂ ಎಂಟು ತಿಂಗಳಿಗೆ ವಾಪಸ್ ಬರ್ತಿರಬೇಕು. ವ್ಯಾಪಾರ ಚೆನ್ನಾಗಿದೆ!

ಅಂಗಡಿಗೆ ಹೋದರೆ ಆರು ತಿಂಗಳ ವಾರಂಟಿ ಮುಗಿದಿದೆ. ಮುಗಿಯದೇ ಇದ್ದಿದ್ದರೂ "ರಬ್ಬರ್ ಐಟಂಗೆ ವಾರಂಟಿ ಇಲ್ಲ" ಅಂತೆ. ಬುಷ್ ರಬ್ಬರ್, ಟೋಪಿ ರಬ್ಬರ್, ಹಾಳಾಗೋದೆಲ್ಲ ರಬ್ಬರ್ರೇ. ಮತ್ತೆ ವಾರಂಟಿ ಕೊಟ್ಟಿದ್ದು ಡಬ್ಬಕ್ಕಾ?

ಎರಡು ಕಡೆಯದೂ ಸೇರಿ ಪಾರ್ಟಿನಲ್ಲಿ ಉಳಿದದ್ದು ನಾಲ್ಕು ಸಾವಿರ ರೂಪಾಯಿ. ಈಗ ಮತ್ತೆ ಪಾರ್ಟ್, ಮತ್ತೆ ಲೇಬರ್, ಮತ್ತೆ ಅಲೈನ್‌ಮೆಂಟ್. ಜೊತೆಗೆ ಎಡ ಟೈರಿನ ಒಳ ಅಂಚು ಬೋಳು ತಲೆ ಆಗಿದೆ, ಹೊರಗಡೆಯಿಂದ ನೋಡಿದರೆ ಟೈರ್ ಚೆನ್ನಾಗೇ ಕಾಣುತ್ತೆ. ಒಂದನ್ನೇ ಹಾಕಿದರೆ ಆಗಲ್ಲ, ಎರಡು ಹಾಕಬೇಕಂತೆ.

ಹೊರಗಿನ ಸಾಮಾನೆಲ್ಲ ಕೆಟ್ಟದ್ದು ಅಂತ ನಾನು ಹೇಳಲ್ಲ. ಕಾರು ಕಂಪನಿಗೆ ಪಾರ್ಟ್ ಮಾಡಿಕೊಡುವವರೇ ತಮ್ಮ ಹೆಸರಿನ ಡಬ್ಬದಲ್ಲೂ ಮಾರುವುದುಂಟು. ಆದರೆ ಸ್ಟಿಕ್ಕರ್ ನೋಡಿ ಯಾವುದು ಅದು, ಯಾವುದು ಇದು ಅಂತ ನಮ್ಮಂಥವರಿಗೆ ಹೇಗೆ ಗೊತ್ತಾಗಬೇಕು?

ಎಲ್ಲಕ್ಕಿಂತ ಹೊಟ್ಟೆ ಉರಿಯೋದು ಇದಕ್ಕೆ. ನಿನ್ನೆ ಆ ಹುಡುಗ ಸುಮ್ನೆ ಮಾತಿಗೆ ಹೇಳಿದ, "ನಿಮ್ಮ ಹಳೇ ಒರಿಜಿನಲ್ ಆರ್ಮ್‌ಗೆ ಬಾಲ್ ಜಾಯಿಂಟ್ ಟೈಟಾಗೇ ಇತ್ತು ಸಾರ್, ಹೊಸ ಬುಷ್ ಮಾತ್ರ ಪ್ರೆಸ್ ಮಾಡಿ ಕೂರಿಸಿದ್ರೆ ಸಾಕಾಗಿತ್ತು." ಎಲ್ಲಿದೆಯಪ್ಪಾ ಅದು ಅಂದೆ. ಗುಜರಿಗೆ ಹಾಕಿಬಿಟ್ರಂತೆ.