ಬಿಲ್ಲೆ ಹಾಕದೆ ಕಾಡು ಹೊಕ್ಕವರು

ಪೆನ್ಸಿಲ್ವೇನಿಯಾದ ಉತ್ತರ ಭಾಗದಲ್ಲಿರುವ ಒಂದು ಜಿಂಕೆ ಬೇಟೆ ಕ್ಲಬ್ಬಿಗೆ ನಾನು ಒಂಬತ್ತು ವರ್ಷಗಳಿಂದ ಸದಸ್ಯ. ಈ ಸಲ ಕೋವಿ ಬೇಟೆಯ ಮೊದಲ ದಿನ ನಡೆದದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮ ಕ್ಯಾಬಿನ್ನಿನ ಬಾಗಿಲ ಪಕ್ಕ ಜಮೀನಿನ ನಕ್ಷೆ ಅಂಟಿಸಿದ ಹಲಗೆಯೊಂದಿದೆ. ಕಾಡಿಗೆ ಹೊರಡುವ ಪ್ರತಿಯೊಬ್ಬರೂ ತಾವು ಕೂರುವ ಅಟ್ಟಣೆಯ ಗುರುತಿನ ಮೇಲೆ ತಮ್ಮ ಹೆಸರಿನ ಬಿಲ್ಲೆಯನ್ನು ಸಿಕ್ಕಿಸಿ ಹೋಗಬೇಕು, ಮರಳಿ ಬಂದಾಗ ತೆಗೆಯಬೇಕು. ಇದು ಜಾಗ ಹಿಡಿದಿಡುವ ಏರ್ಪಾಡಷ್ಟೇ ಅಲ್ಲ. ಎಲ್ಲೆಲ್ಲಿ ಮನುಷ್ಯರಿದ್ದಾರೆ, ಯಾವ ಕಡೆಗೆ ಕೋವಿ ತಿರುಗಿಸಬಾರದು ಎಂಬುದು ಉಳಿದವರಿಗೆ ತಿಳಿಯುವುದೇ ಆ ಬಿಲ್ಲೆಯಿಂದ. ತಲೆ, ಎದೆ, ಬೆನ್ನು ಸೇರಿ ಕನಿಷ್ಠ 250 ಚದರ ಇಂಚು ಹೊಳೆಯುವ ಕಿತ್ತಳೆ ಬಣ್ಣ ಕಾಣಬೇಕೆಂದು ರಾಜ್ಯದ ನಿಯಮವಿದೆ, ನಿಜ. ಆದರೆ ಹೆಮ್ಲಾಕ್ ಮರಗಳ ದಟ್ಟಣೆಯ ಹಿಂದೆ ಕೂತವರ ಕಿತ್ತಳೆ ಅಂಗಿ ಯಾರ ಕಣ್ಣಿಗೆ ಬೀಳುತ್ತದೆ?

ಆ ಶನಿವಾರ ನಸುಕಿನಲ್ಲಿ ತೊರೆಯ ಪಕ್ಕದ ಅಟ್ಟಣೆಗೆ ಬಿಲ್ಲೆ ಹಾಕಿ ಹೊರಟೆ. ಎದುರಿನ ದಿಬ್ಬದ ಜಾಗ ಹಲಗೆಯಲ್ಲಿ ಖಾಲಿಯಿತ್ತು. ಏಳೂವರೆಯ ಹೊತ್ತಿಗೆ ಒಂದೊಂದು ಕೊಂಬಿಗೂ ನಾಲ್ಕು ಕವಲಿದ್ದ ಗಂಡು ಜಿಂಕೆ ಕಾಣಿಸಿಕೊಂಡಾಗ, ಗುರಿ ತಪ್ಪಿದರೂ ಗುಂಡು ದಿಬ್ಬದ ಮಣ್ಣಿಗೆ ಹೋಗಿ ನಿಲ್ಲುತ್ತದೆ ಎಂದುಕೊಂಡೇ ಈಡು ಹೊಡೆದೆ. ಇಪ್ಪತ್ತು ಎಣಿಸುವಷ್ಟರಲ್ಲಿ ಅದೇ ದಿಬ್ಬದಿಂದ ಇನ್ನೊಂದು ಈಡು ಕೇಳಿಸಿತು. ನನ್ನ ಕೈಕಾಲು ತಣ್ಣಗಾದವು. ಖಾಲಿ ಎಂದು ನಂಬಿ ನಾನು ಕೋವಿ ಹಿಡಿದ ದಿಕ್ಕಿನಲ್ಲಿ ಒಬ್ಬ ಮನುಷ್ಯ ಕೂತಿದ್ದ!

ಇಳಿದು ಜಾಡು ಹಿಡಿದೆ. ಹಿಮದ ಮೇಲೆ ಗುಳ್ಳೆಗುಳ್ಳೆಯಾದ ತಿಳಿಗೆಂಪು ರಕ್ತ ಉದ್ದಕ್ಕೂ ಚೆಲ್ಲಿತ್ತು. ಮೊದಲ ಗುಂಡೇ ಶ್ವಾಸಕೋಶ ಸೀಳಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆ ಮಹಾಶಯರು ಅಷ್ಟರಲ್ಲಿ ಜಿಂಕೆಯ ಕಿವಿಗೆ ತಮ್ಮ ಪರವಾನಗಿಯ ಚೀಟಿ ಕಟ್ಟುತ್ತಿದ್ದರು. "ಕೊನೆಯ ಈಡು ನನ್ನದು" ಎಂದರೇ ಹೊರತು, ನಾನು ಬೊಟ್ಟು ಮಾಡಿ ತೋರಿಸಿದ ರಕ್ತದತ್ತ ತಿರುಗಿಯೂ ನೋಡಲಿಲ್ಲ. ಪ್ರಾಣ ತೆಗೆಯುವ ಪೆಟ್ಟು ಮೊದಲು ಕೊಟ್ಟವರಿಗೇ ಬೇಟೆ ಸೇರಬೇಕೆಂಬುದು ನಮ್ಮ ಕ್ಲಬ್ಬಿನಲ್ಲಿ ಮೊದಲಿನಿಂದ ನಡೆದುಬಂದ ಕಟ್ಟುಪಾಡು.

ಜುಲೈ ತಿಂಗಳಲ್ಲಿ ಅಟ್ಟಣೆಗಳ ಕೊಳೆತ ಹಲಗೆ ಬದಲಿಸಲು, ದಾರಿಗೆ ಬಿದ್ದ ಮರ ಕೊಯ್ಯಲು, ಗಡಿಯ ಫಲಕ ಬಡಿಯಲು ಕರೆದಾಗ ಇವರು ಒಂದು ದಿನವೂ ಬಂದವರಲ್ಲ. ನಮ್ಮ ಮಲೆನಾಡಿನಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವುದಕ್ಕೆ ಮೊದಲಿನ ಶಿಕಾರಿಗಳ ಮಾತು ಬಂದಾಗ, ಬಿಲ್ಲಿಗೆ ನಿಂತವರಿಗೂ (ಕೋವಿ ಹಿಡಿದು ಕಾದು ನಿಂತವರು) ಹಳು ನುಗ್ಗಿದವರಿಗೂ (ಪೊದೆ ನುಗ್ಗಿ ಪ್ರಾಣಿಯನ್ನು ಅವರತ್ತ ಅಟ್ಟಿದವರು) ಕೊನೆಗೆ ನಾಯಿಗೂ ಪಾಲು ಎತ್ತಿಟ್ಟ ಮೇಲೆಯೇ ಬುಟ್ಟಿ ಮನೆಗೆ ಹೋಗುತ್ತಿತ್ತು ಎಂದು ಅಜ್ಜ ಹೇಳುತ್ತಿದ್ದರು. ಇಲ್ಲಿ ಒಂದು ತುಂಡು ಮಾಂಸ ಬೇಕೇ ಎಂದು ಕೇಳುವ ಸೌಜನ್ಯವೂ ಇರಲಿಲ್ಲ.

ಸಂಜೆ ಒಲೆಯ ಸುತ್ತ ಕೂತ ಹಿರಿಯ ಸದಸ್ಯರು, "ಒಂದು ಜಿಂಕೆಗಾಗಿ ಮನಸ್ಸು ಕೆಡಿಸಿಕೊಳ್ಳಬೇಡಿ" ಎಂದು ನನಗೇ ಬುದ್ಧಿ ಹೇಳಿದರು. ಜಿಂಕೆ ಹೋಗಲಿ. ನನ್ನ ಗುಂಡು ಆ ಮನುಷ್ಯನಿಗೆ ತಗುಲಿದ್ದರೆ ಇದೇ ಹಿರಿಯರು ನನ್ನ ಪರ ನಿಲ್ಲುತ್ತಿದ್ದರೇ? ಬಿಲ್ಲೆ ಹಾಕದೆ ಕಾಡು ಹೊಕ್ಕವರನ್ನು ಮುಂದಿನ ಋತುವಿಡೀ ಹೊರಗಿಡಬೇಕೆಂದು ಸಮಿತಿಗೆ ಪತ್ರ ಕೊಟ್ಟಿದ್ದೇನೆ. ಅವರನ್ನು ಒಳಗೆ ಬಿಟ್ಟುಕೊಂಡರೆ ನನ್ನ ಬಿಲ್ಲೆಯನ್ನು ನಾನೇ ಕಿತ್ತುಕೊಂಡು ಬರುತ್ತೇನೆ ಎಂದೂ ಅದರಲ್ಲಿ ಬರೆದಿದ್ದೇನೆ.